ಹದಿನೇಳೂವರೆ ಔನ್ಸಿನ ಪರವಾಗಿ: ಮೂರು ತೂಕದ ಸ್ನೂಕರ್ ಕ್ಯೂಗಳ ಹೋಲಿಕೆ

ಹದಿನಾರೂವರೆ ಔನ್ಸಿನ ಕ್ಯೂ (ಚೆಂಡು ಹೊಡೆಯುವ ಕೋಲು) ಅಂಗಡಿಯಲ್ಲಿ ಎತ್ತಿ ಹಿಡಿದಾಗ ಹೂವಿನಷ್ಟು ಹಗುರ. ಎರಡು ವಾರ ಆಡಿದ ಮೇಲೆ ಅದರ ಬಟ್‌ಗೆ, ಅಂದರೆ ಹಿಂದಿನ ದಪ್ಪ ಭಾಗಕ್ಕೆ, ಸೀಸ ತುಂಬಿಸೋಣ ಅನ್ನಿಸುತ್ತದೆ. ಸೀಸ ತುಂಬಿಸಿದ ಮೇಲೆ ಬೇರೆ ಕ್ಯೂ ನೋಡೋಣ ಅನ್ನಿಸುತ್ತದೆ. ಈ ಸುತ್ತುದಾರಿ ತಪ್ಪಿಸಿ, ಮೊದಲೇ ಹದಿನೇಳೂವರೆ ಕೊಳ್ಳಿ ಎಂದು ಹೇಳುವುದಕ್ಕೇ ಈ ಹೋಲಿಕೆ.

ಇಟ್ಟುಕೊಂಡು ನೋಡಿದ್ದು 16.5, 17.5 ಮತ್ತು 19.5 ಔನ್ಸಿನ ಮೂರು ಕ್ಯೂ. ಮೂರೂ ಆಶ್ ಮರದವು, 58 ಇಂಚು ಉದ್ದ, 9.5 ಮಿ.ಮೀ. ಟಿಪ್ (ಚೆಂಡಿಗೆ ತಾಗುವ ಮುಂದಿನ ತುದಿ), ಮುಕ್ಕಾಲಿನಲ್ಲಿ ಕೀಲು (ಎರಡು ತುಂಡು ಸೇರುವ ಜಾಗ ಟಿಪ್‌ನಿಂದ ಸುಮಾರು ಮುಕ್ಕಾಲು ದೂರದಲ್ಲಿ). ಒಂದೇ ಟೇಬಲ್, ಒಂದೇ ಸೆಟ್ ಚೆಂಡು. ಹಾಗಾಗಿ ಆಟದಲ್ಲಿ ಕಂಡ ವ್ಯತ್ಯಾಸ ತೂಕದ್ದೇ.

ಅದಕ್ಕೂ ಮೊದಲು ತೂಗುವ ವಿಚಾರ. ಚೀಟಿಯಲ್ಲಿ ಬರೆದ ಔನ್ಸನ್ನು ನಂಬಬೇಡಿ, ಅರ್ಧ ಔನ್ಸು ಆಚೀಚೆ ಇರುವುದು ಸಾಮಾನ್ಯ. ಅಡುಗೆಮನೆಯ ಒಂದು ಗ್ರಾಂ ತೋರಿಸುವ ತಕ್ಕಡಿ ಸಾಕು. ಅದರ ಮೇಲೆ ಒಂದು ಲೋಟ ಬೋರಲು ಹಾಕಿ, ಮೇಲೆ ಮಡಿಸಿದ ಬಟ್ಟೆ ಇಟ್ಟು, ಸೊನ್ನೆ ಮಾಡಿ, ಕ್ಯೂವನ್ನು ಅಡ್ಡಲಾಗಿ ತೂಗಿಸಿ ನಿಲ್ಲಿಸಿ. 468 ಗ್ರಾಂ ಬಂದರೆ 16.5 ಔನ್ಸು, 496 ಬಂದರೆ 17.5, 510 ಬಂದರೆ 18, 553 ಬಂದರೆ 19.5. ಆಮೇಲೆ ಅದೇ ಕ್ಯೂವನ್ನು ಬೆರಳಿನ ಮೇಲೆ ತೂಗಿಸಿ, ಸಮವಾಗಿ ನಿಂತ ಜಾಗ ಬಟ್‌ನ ತುದಿಯಿಂದ ಎಷ್ಟು ಇಂಚು ಎಂದು ಟೇಪಿನಲ್ಲಿ ಅಳೆಯಿರಿ. ಮೂರರಲ್ಲೂ ಅದು 17 ಇಂಚಿನ ಆಸುಪಾಸಿನಲ್ಲಿತ್ತು. ಈ ಸಂಖ್ಯೆ ನೆನಪಿರಲಿ, ಇಡೀ ತಕರಾರು ಇದರ ಸುತ್ತಲೇ ಇದೆ.

ಭಾರದ ಕ್ಯೂ ಕೊಳ್ಳುವವರ ವಾದ ಒಂದೇ: ನಮ್ಮ ಹಾಲ್‌ಗಳ ಟೇಬಲ್ ನಿಧಾನ, ಚೆಂಡು ಓಡುವುದಿಲ್ಲ, ಭಾರ ಇದ್ದರೆ ಓಡುತ್ತದೆ. ಟೇಬಲ್ ನಿಧಾನ ಅನ್ನುವುದು ನಿಜ. ಬಟ್ಟೆ ದಪ್ಪ, ಬ್ರಷ್ ಕಂಡು ದಿನಗಳಾಗಿರುತ್ತವೆ, ಮಳೆಗಾಲದಲ್ಲಿ ತೇವ ಹೀರಿ ಇನ್ನಷ್ಟು ಮಂದ. ದೊಡ್ಡ ಟೂರ್ನಿಗಳಲ್ಲಿ ಟೇಬಲ್ಲಿನ ಕಲ್ಲುಹಾಸಿನ ಅಡಿಯಲ್ಲಿ ಹೀಟರ್ ಇಡುವುದೇ ಈ ತೇವದ ಕಾಟಕ್ಕೆ. ಆದರೆ ಭಾರದಿಂದ ಓಟ ಬರುತ್ತದೆ ಅನ್ನುವ ಲೆಕ್ಕ ಕೂಡಿ ಬರುವುದಿಲ್ಲ. ಚೆಂಡಿನ ತೂಕ ಸುಮಾರು 142 ಗ್ರಾಂ. ಕ್ಯೂ ಅದರ ಮೂರು ಪಟ್ಟಿಗಿಂತ ಹೆಚ್ಚು ಭಾರ ಇರುವುದರಿಂದ, ಮೇಲೆ ಸೇರಿಸುವ ಗ್ರಾಂಗಳಿಗೆ ಸಿಗುವ ಪ್ರತಿಫಲ ಕಡಿಮೆ. ಕೈಯ ವೇಗ ಒಂದೇ ಇಟ್ಟುಕೊಂಡು 16.5ರಿಂದ 19.5ಕ್ಕೆ ಹೋದರೂ ಬಿಳಿ ಚೆಂಡಿನ ವೇಗ ನೂರಕ್ಕೆ ನಾಲ್ಕರಷ್ಟೂ ಏರುವುದಿಲ್ಲ. ಹಿಂದಕ್ಕೆ ಎಳೆಯುವಾಗ ಒಂದಿಂಚು ಹೆಚ್ಚು ಎಳೆದು, ನಿಲ್ಲಿಸಿ, ಹರಿಯ ಬಿಟ್ಟರೆ ಅದಕ್ಕಿಂತ ಹೆಚ್ಚು ಓಟ ಸಿಗುತ್ತದೆ.

ಭಾರದ ನಿಜವಾದ ಬೆಲೆ ತೆರುವುದು ಮೆಲ್ಲನೆಯ ಹೊಡೆತದಲ್ಲಿ. ಎದುರಾಳಿಗೆ ನೇರ ಹೊಡೆತ ಸಿಗದಂತೆ ಬ್ರೌನ್ ಚೆಂಡಿನ ಹಿಂದೆ ಬಿಳಿ ಚೆಂಡನ್ನು ಅಡಗಿಸಲು ಹೋದರೆ 19.5 ಪದೇ ಪದೇ ಒಂದು ಗೇಣು ಮುಂದೆ ಒಯ್ಯುತ್ತದೆ. ಬ್ರೇಕ್-ಆಫ್‌ನಲ್ಲಿ, ಅಂದರೆ ಆಟದ ಮೊದಲ ಹೊಡೆತದಲ್ಲಿ, ಬಿಳಿ ಚೆಂಡು ಬಾಕ್ ಕುಶನ್ನಿಗೆ (ಆಟ ಶುರುಮಾಡುವ ಕಡೆಯ ಅಂಚಿಗೆ) ಬಂದು ಅಂಟುವ ಬದಲು ಬಡಿದು ಈಚೆ ಬರುತ್ತದೆ. ಕಾರಣ ಸರಳ: ಭಾರದ ಕ್ಯೂ ಹೊರಟ ಮೇಲೆ ತಾನಾಗಿ ನಿಧಾನವಾಗದು, ಕೈ ಅದನ್ನು ತಡೆಯಬೇಕು, ತಡೆದ ಕೈ ಗೆರೆ ಬಿಡುತ್ತದೆ. ಎರಡು ಗಂಟೆ ಆಡಿದ ಮೇಲೆ ಮುಂಗೈ ಬಿಗಿಯುವುದು ಬೇರೆ.

16.5ರ ಗುಣವನ್ನೂ ಹೇಳಬೇಕು. ಕಪ್ಪು ಚೆಂಡಿನ ಸುತ್ತ ಸಣ್ಣ ಸಣ್ಣ ಹೊಡೆತಗಳಲ್ಲಿ ಇದರಷ್ಟು ಮಾತು ಕೇಳುವ ಕ್ಯೂ ಮೂರರಲ್ಲಿ ಇನ್ನೊಂದಿಲ್ಲ. ತೊಡಕು ದೂರದ ಪಾಟಿನಲ್ಲಿ, ಅಂದರೆ ದೂರದಿಂದ ಚೆಂಡನ್ನು ಜೇಬಿಗೆ ಹಾಕುವ ಹೊಡೆತದಲ್ಲಿ. ಬಾಕ್‌ನಿಂದ ಬ್ಲೂವನ್ನು ಮೂಲೆಗೆ ಹಾಕಿ ಸ್ಕ್ರೂ ಮಾಡಲು (ಕೆಳಗೆ ಹೊಡೆದು ಬಿಳಿ ಚೆಂಡನ್ನು ಹಿಂದಕ್ಕೆ ತರಲು) ಹೋದರೆ, ಕೈಯ ಸಣ್ಣ ಅಲುಗಾಟವೂ ಟಿಪ್‌ವರೆಗೆ ಹೋಗುತ್ತದೆ. ಭಾರ ಸ್ವಲ್ಪ ಇದ್ದರೆ ಅದೇ ಅಲುಗಾಟವನ್ನು ಕ್ಯೂ ನುಂಗಿಕೊಳ್ಳುತ್ತದೆ.

ಇಲ್ಲಿಂದ ಶುರುವಾಗುತ್ತದೆ ಸೀಸದ ಕಥೆ. ‘ಒಂದೇ ಔನ್ಸು ಕಡಿಮೆ ತಾನೇ, ಬಟ್‌ಗೆ ಹಾಕಿಸಿದರೆ 17.5 ಆಗುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ತಕ್ಕಡಿಯ ಮೇಲೆ ಆಗುತ್ತದೆ. ಟೇಬಲ್ ಮೇಲೆ ಆಗುವುದಿಲ್ಲ. ಬಟ್‌ನ ತುದಿಯಿಂದ ಕೊರೆದ ರಂಧ್ರ ಸಾಮಾನ್ಯವಾಗಿ ಕೆಲವೇ ಇಂಚು ಒಳಕ್ಕೆ ಹೋಗುತ್ತದೆ. 28 ಗ್ರಾಂ ಸೀಸ ತುದಿಯಿಂದ 3 ಇಂಚಿನಲ್ಲಿ ಕೂತಿತು ಅಂದುಕೊಳ್ಳಿ. 17 ಇಂಚಿನಲ್ಲಿದ್ದ ತೂಗುಬಿಂದು 16.2ಕ್ಕೆ ಸರಿಯುತ್ತದೆ. ಮುಕ್ಕಾಲು ಇಂಚು ಏನು ಮಹಾ ಅನ್ನಿಸಬಹುದು. ಕೈಗಳಿಗೆ ಹಂಚಿ ನೋಡಿ.

ಹಿಂದಿನ ಕೈ ತುದಿಯಿಂದ 5 ಇಂಚಿನಲ್ಲಿ, ಬ್ರಿಡ್ಜ್ ಕೈ (ಟೇಬಲ್ ಮೇಲೆ ಊರಿ ಕ್ಯೂಗೆ ಆಸರೆ ಕೊಡುವ ಕೈ) ಟಿಪ್‌ನಿಂದ 10 ಇಂಚು ಹಿಂದೆ ಇದ್ದರೆ, ಸೀಸ ಹಾಕುವ ಮೊದಲು ಬ್ರಿಡ್ಜ್ ಮೇಲೆ ಸುಮಾರು 131 ಗ್ರಾಂ, ಹಿಂದಿನ ಕೈಯಲ್ಲಿ 337 ಗ್ರಾಂ. ಹಾಕಿದ ಮೇಲೆ ಬ್ರಿಡ್ಜ್ ಮೇಲೆ 129, ಹಿಂದಿನ ಕೈಯಲ್ಲಿ 367. ಅಂದರೆ ಸೇರಿಸಿದ ಅಷ್ಟೂ ಭಾರ ಹಿಂದಿನ ಕೈಗೇ ಬಿತ್ತು, ಮುಂದೆ ಒಂದು ಗ್ರಾಂ ಸಹ ಹೆಚ್ಚಲಿಲ್ಲ, ಬದಲಿಗೆ ಚೂರು ಇಳಿಯಿತು. ಹುಟ್ಟಿನಿಂದಲೇ 17.5 ಇರುವ ಕ್ಯೂನಲ್ಲಿ ಮರದ ಸಾಂದ್ರತೆಯೇ ತೂಕ ಕೊಟ್ಟಿರುತ್ತದೆ, ಅದು ಉದ್ದಕ್ಕೂ ಹರಡಿರುತ್ತದೆ. ಅಲ್ಲಿ ಬ್ರಿಡ್ಜ್ ಮೇಲೆ 138, ಹಿಂದೆ 358. ದೂರದ ಪಾಟ್ ಗಟ್ಟಿಯಾಗಲು ಬೇಕಿದ್ದದ್ದು ಬ್ರಿಡ್ಜ್ ಮೇಲೆ ಕೂತ ಆ ಭಾರ.

ಆಟದಲ್ಲಿ ಇದು ಹೀಗೆ ಕಾಣುತ್ತದೆ. ಟಿಪ್ ಬ್ರಿಡ್ಜ್ ಮೇಲೆ ತೇಲಿದಂತೆ ಇರುತ್ತದೆ. ಬಟ್ ಜಾರೀತು ಎಂದು ಬೆರಳುಗಳು ತಾವಾಗಿಯೇ ಬಿಗಿ ಹಿಡಿಯುತ್ತವೆ. ಬಿಗಿ ಹಿಡಿತದಲ್ಲಿ ಹೊಡೆತದ ಕೊನೆಗೆ ಬಟ್ ಕೆಳಗಿಳಿದು ಟಿಪ್ ಮೇಲೇಳುತ್ತದೆ. ಸ್ಕ್ರೂಗೆಂದು ಕೆಳಗೆ ಗುರಿ ಇಟ್ಟರೂ ಕೂದಲೆಳೆಯಷ್ಟು ಮೇಲೆ ತಾಗಿ, ಹಿಂದೆ ಬರಬೇಕಾದ ಬಿಳಿ ಚೆಂಡು ಸ್ಟನ್ ಆಗಿ ಅಲ್ಲೇ ನಿಲ್ಲುತ್ತದೆ. ಆಡುವವರು ಟಿಪ್ ಬದಲಿಸುತ್ತಾರೆ, ಚಾಕ್ ಬದಲಿಸುತ್ತಾರೆ, ದೋಷ ಬಟ್‌ನೊಳಗೆ ಇರುತ್ತದೆ. ಸೀಸದ ತುಂಡು ಸಡಿಲ ಕೂತರೆ ಇನ್ನೊಂದು ಕಾಟ: ಜೋರಾಗಿ ಹೊಡೆದಾಗಲೆಲ್ಲ ಒಳಗಿಂದ ‘ಟಕ್’ ಎಂಬ ಸದ್ದು. ಬಟ್ ಅನ್ನು ಕಿವಿಯ ಹತ್ತಿರ ಹಿಡಿದು ಅಂಗೈಯಿಂದ ತಟ್ಟಿದರೆ ಗೊತ್ತಾಗುತ್ತದೆ. ಹೊರತೆಗೆದು ಎಪಾಕ್ಸಿ ಹಾಕಿ ಕೂರಿಸದೆ ಅದು ಹೋಗುವುದಿಲ್ಲ.

ಕೊರೆಸುವ ಮೊದಲು ಒಂದು ಪರೀಕ್ಷೆ ಮಾಡಿ, ಖರ್ಚು ಅಲ್ಪ. ಎಲೆಕ್ಟ್ರಾನಿಕ್ಸ್ ಅಂಗಡಿಯ 1 ಮಿ.ಮೀ. ಸೋಲ್ಡರ್ ತಂತಿಯನ್ನು 28 ಗ್ರಾಂ ತೂಗಿ ಕತ್ತರಿಸಿಕೊಳ್ಳಿ. ಕ್ಯೂ ಮೇಲೆ ಮೊದಲು ಒಂದು ಸುತ್ತು ಕಾಗದ, ಅದರ ಮೇಲೆ ತಂತಿಯನ್ನು ಒತ್ತೊತ್ತಾಗಿ ಸುತ್ತಿ. ಸುಮಾರು ಎರಡಿಂಚು ಅಗಲದ ಪಟ್ಟಿಯಾಗುತ್ತದೆ. ಎದೆಗೆ ತಾಗದಂತೆ ಮೇಲೆ ಇನ್ಸುಲೇಷನ್ ಟೇಪ್ ನುಣುಪಾಗಿ ಎಳೆಯಿರಿ. ಒಂದು ದಿನ ಬಟ್‌ನ ತುದಿಯಲ್ಲಿ ಇಟ್ಟು ಆಡಿ, ಮಾರನೆಯ ದಿನ 17 ಇಂಚಿನಲ್ಲಿ ಇಟ್ಟು ಆಡಿ. ಎರಡೂ 17.5 ಔನ್ಸೇ, ಕೈಗೆ ಎರಡು ಬೇರೆ ಕ್ಯೂ. ತಂತಿಯಲ್ಲಿ ಸೀಸ ಇರುತ್ತದೆ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಮುಕ್ಕಾಲು ಕೀಲಿನ ಕ್ಯೂ ಮೇಲೆ ನನಗೆ ಒಲವು ಇರುವುದೂ ಇದಕ್ಕೇ. ಹಿತ್ತಾಳೆಯ ಕೀಲು ತೂಗುಬಿಂದುವಿನ ಪಕ್ಕದಲ್ಲೇ ಬರುವುದರಿಂದ ಅದರ ಭಾರ ಯಾವ ಕಡೆಗೂ ಎಳೆಯುವುದಿಲ್ಲ.

ಇನ್ನು ಹುಟ್ಟು 17.5. ಬಿಳಿ ಚೆಂಡನ್ನು ಬ್ರೌನ್ ಜಾಗದಲ್ಲಿಟ್ಟು, ಬ್ಲೂ, ಪಿಂಕ್, ಬ್ಲ್ಯಾಕ್ ಜಾಗಗಳ ಮೇಲೆ ನೇರ ಕಳಿಸಿ, ಮೇಲಿನ ಕುಶನ್ನಿಗೆ ತಾಗಿ ತಿರುಗಿ ಟಿಪ್‌ಗೇ ಬರಬೇಕು, ಆ ಹಳೆಯ ಅಭ್ಯಾಸ. ನಿಧಾನದ ಬಟ್ಟೆಯಲ್ಲಿ ಮೂರು ಕ್ಯೂಗಳ ಪೈಕಿ ಸತತವಾಗಿ ಟಿಪ್‌ಗೆ ಮರಳಿ ತಂದದ್ದು ಇದೊಂದೇ. 16.5ರಲ್ಲಿ ಓಟ ಬೇಕೆಂದು ಕೈ ಕಿತ್ತು ಹೊಡೆದು ಚೆಂಡು ಬಲಕ್ಕೆ ಸರಿಯುತ್ತಿತ್ತು, 19.5ರಲ್ಲಿ ಗೆರೆ ಇತ್ತು, ಅಳತೆ ಇರಲಿಲ್ಲ.

ಸೈಡ್ ಹಾಕಿದಾಗ (ಬಿಳಿ ಚೆಂಡಿನ ಎಡಕ್ಕೋ ಬಲಕ್ಕೋ ಹೊಡೆದಾಗ) ಚೆಂಡು ಗೆರೆ ಬಿಟ್ಟು ಸರಿಯುವುದಕ್ಕೂ ಒಟ್ಟು ತೂಕಕ್ಕೂ ಸಂಬಂಧ ಕಡಿಮೆ, ಅದು ಟಿಪ್ ಕಡೆಯ ಕೆಲವು ಇಂಚುಗಳ ಭಾರಕ್ಕೆ ಸೇರಿದ್ದು. ಹಿಂದೆ ಎಕ್ಸ್‌ಟೆನ್ಷನ್ (ಉದ್ದ ಹೆಚ್ಚಿಸುವ ತುಂಡು) ತಿರುಗಿಸಿದರೆ ಅದೂ ಸೀಸದ ಹಾಗೆಯೇ ಬಟ್‌ಗೆ ಭಾರ ಹಾಕುತ್ತದೆ, ಕೈಯನ್ನೂ ಅಷ್ಟು ಹಿಂದೆ ಒಯ್ಯಿರಿ. ಕರಾವಳಿಯ ಮಳೆಗಾಲದಲ್ಲಿ ಮರ ತೇವ ಹೀರಿ ಕೆಲವು ಗ್ರಾಂ ಏರಬಹುದು, ತಲೆ ಕೆಡಿಸಿಕೊಳ್ಳಬೇಡಿ.

ಹಣದ ಮಾತು. ವಾರಕ್ಕೆ ಎರಡು ಸಂಜೆ, ಬಾಡಿಗೆ ಟೇಬಲ್, ಹತ್ತು ಸಾವಿರದೊಳಗೆ ಒಂದೇ ಕ್ಯೂ, ಇದು ನನ್ನ ಮಿತಿ. ಇಷ್ಟರಲ್ಲಿ ಆಶ್ ಸಾಕು, ಬಟ್‌ನ ಕೆತ್ತನೆಗೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಸ್ನೂಕರ್ ಆಟಗಾರ ಸ್ಟೀಫನ್ ಹೆಂಡ್ರಿ ಏಳು ವಿಶ್ವ ಪ್ರಶಸ್ತಿ ಗೆದ್ದದ್ದು ನಲವತ್ತು ಪೌಂಡಿನ ಕ್ಯೂನಲ್ಲಿ. ಉಳಿದ ಹಣದಲ್ಲಿ ಎರಡು ಒಳ್ಳೆಯ ಟಿಪ್ ಮತ್ತು ಗಟ್ಟಿ ಪೆಟ್ಟಿಗೆ ಬರುತ್ತದೆ. ಬಟ್ಟೆ ವೇಗವಾಗಿರುವ ಕ್ಲಬ್ಬಿನಲ್ಲೇ ಆಡುವವರು 17ಕ್ಕೆ ಇಳಿಯಬಹುದು, ಮೈಕಟ್ಟು ದೊಡ್ಡದಿದ್ದು ಕೈ ಸಾವಧಾನವಾಗಿ ಚಲಿಸುವವರು 18.5ರವರೆಗೆ ಹೋಗಬಹುದು.

ಅಂಗಡಿಗೆ ಅಳತೆಯ ಟೇಪ್ ಒಯ್ಯಿರಿ. 17.5 ಎಂದು ಕೊಟ್ಟದ್ದು 16 ಇಂಚಿನಲ್ಲೇ ಸಮವಾಗಿ ತೂಗಿದರೆ, ಬಟ್‌ನೊಳಗೆ ಸೀಸ ಇದೆಯೇ ಎಂದು ಕೇಳಿ. ಇದೆ ಅಂದರೆ ಪಕ್ಕಕ್ಕಿಟ್ಟು ಮುಂದಿನದನ್ನು ತೂಗಿ ನೋಡಿ.