ಕರೆಂಟ್ ಹೋದಾಗ ಸರ್ವರ್ ತಾನೇ ಆಫ್ ಆಗಲು: ಎಪಿಸಿಯುಪಿಎಸ್‌ಡಿಯೋ, ನಟ್ಟೋ?

ಲಿನಕ್ಸ್ ಸರ್ವರ್‌ಗೆ ಯುಪಿಎಸ್ ತಂದಿಟ್ಟರೆ ಅರ್ಧ ಕೆಲಸ ಅಷ್ಟೇ. ಬ್ಯಾಟರಿ ಮುಗಿಯುವ ಮೊದಲೇ ಸರ್ವರ್ ಸರಿಯಾಗಿ ಆಫ್ ಆಗಬೇಕು, ಅಲ್ವಾ? ಅದನ್ನು ನೋಡಿಕೊಳ್ಳುವ ಎರಡು ಸಾಫ್ಟ್‌ವೇರ್‌ಗಳೇ ಎಪಿಸಿಯುಪಿಎಸ್‌ಡಿ (apcupsd) ಮತ್ತು ನಟ್ (NUT).

ಎಪಿಸಿ (APC) ಕಂಪನಿಯ ಒಂದು ಯುಪಿಎಸ್, ಒಂದೇ ಸರ್ವರ್ ಇದ್ದರೆ ಎಪಿಸಿಯುಪಿಎಸ್‌ಡಿ ಸಾಕು. ಯುಎಸ್‌ಬಿ ಕೇಬಲ್ ಹಾಕಿ, ಒಂದು ಕಾನ್ಫಿಗ್ ಫೈಲ್ ತಿದ್ದಿದರೆ ಆಯಿತು. ಅದರಲ್ಲಿ ಮೂರು ಸಾಲು ಮುಖ್ಯ: ಎಷ್ಟು ಶೇಕಡ ಚಾರ್ಜ್ ಉಳಿದಾಗ, ಎಷ್ಟು ನಿಮಿಷ ಉಳಿದಾಗ, ಕರೆಂಟ್ ಹೋಗಿ ಎಷ್ಟು ಸೆಕೆಂಡ್ ಆದಾಗ. ಯಾವುದು ಮೊದಲು ಬರುತ್ತದೋ ಆಗಲೇ ಶಟ್‌ಡೌನ್. ಮೊದಲಿಗೆ 5 ಶೇಕಡ, 3 ನಿಮಿಷ, 0 ಸೆಕೆಂಡ್ ಇರುತ್ತದೆ. 0 ಅಂದರೆ ಟೈಮರ್ ಇಲ್ಲ. ದಯವಿಟ್ಟು ಹಾಗೇ ಬಿಡಬೇಡಿ. ಹಳೇ ಬ್ಯಾಟರಿ 20 ನಿಮಿಷ ಉಳಿದಿದೆ ಎಂದು ತೋರಿಸುತ್ತಲೇ ಕೈಕೊಡಬಹುದು. ನಾನಾದರೆ 50 ಶೇಕಡ, 10 ನಿಮಿಷ ಇಡುತ್ತೇನೆ.

ಬೇರೆ ಕಂಪನಿಯ ಯುಪಿಎಸ್ ಆದರೆ ನಟ್. ಇದರಲ್ಲಿ ಯುಪಿಎಸ್ ಜೊತೆ ಮಾತಾಡುವ ಡ್ರೈವರ್, ಆ ಮಾಹಿತಿ ಹಂಚುವ ಯುಪಿಎಸ್‌ಡಿ, ಅದನ್ನು ನೋಡಿ ಸರ್ವರ್ ಆಫ್ ಮಾಡುವ ಯುಪಿಎಸ್‌ಮಾನ್ ಎಂದು ಮೂರು ಭಾಗ; ಫೈಲ್‌ಗಳೂ ಜಾಸ್ತಿ. ಆದರೆ ಒಂದೇ ಯುಪಿಎಸ್‌ಗೆ ಮೂರು ನಾಲ್ಕು ಸರ್ವರ್ ಇದ್ದರೆ ನನ್ನ ಆಯ್ಕೆ ಇದೇ. ಕೇಬಲ್ ಇರುವ ಸರ್ವರ್ ಉಳಿದವಕ್ಕೆ ಸುದ್ದಿ ಕೊಟ್ಟು, ಸ್ವಲ್ಪ ಕಾದು, ಕೊನೆಗೆ ತಾನು ಆಫ್ ಆಗುತ್ತದೆ. ಸಾಮಾನ್ಯವಾಗಿ ಇದು ಯುಪಿಎಸ್ "ಬ್ಯಾಟರಿ ಕಡಿಮೆ" ಅನ್ನುವವರೆಗೂ ಕಾಯುತ್ತದೆ. ಟೈಮರ್ ಬೇಕಿದ್ದರೆ ನಟ್ ಜೊತೆಗೇ ಬರುವ ಯುಪಿಎಸ್‌ಸ್ಕೆಡ್ (upssched) ಸೇರಿಸಿ.

ಯಾವುದನ್ನೇ ಹಾಕಿ, ಗೋಡೆಯಿಂದ ಯುಪಿಎಸ್ ಪ್ಲಗ್ ಕಿತ್ತು ಒಮ್ಮೆ ನೋಡಿ. ಬೀಪ್ ಶುರುವಾದ ಮೇಲೆ ಸರ್ವರ್ ಆಫ್ ಆಗುವವರೆಗೂ ಅಲ್ಲೇ ನಿಂತಿರಿ. ಕರೆಂಟ್ ಬಂದಾಗ ತಾನೇ ಆನ್ ಆಗುವ ಸೆಟ್ಟಿಂಗ್ ಸರ್ವರ್‌ನ ಬಯಾಸ್‌ನಲ್ಲಿ (ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಇರುತ್ತದೆ, ಅದನ್ನೂ ಹಾಕಿ.