ತೂಕ ಇಳಿಯೋದು ನಿಂತಾಗ: ಹಸಿವು, ಉಪವಾಸ, ನಡಿಗೆ, ಡಂಬೆಲ್, ತಕ್ಕಡಿ – ಯಾವುದರಿಂದ ಏನಾಯ್ತು?

78 ಕೆಜಿಯಿಂದ 70ಕ್ಕೆ ಬರುವವರೆಗೂ ಡಯಟ್ ಅಷ್ಟೇನೂ ಕಷ್ಟ ಅನ್ನಿಸಿರಲಿಲ್ಲ. ರಾತ್ರಿ ಅನ್ನ ಬಿಟ್ಟೆ, ಕಾಫಿಗೆ ಸಕ್ಕರೆ ಬಿಟ್ಟೆ, ಬೇಕರಿ ಕಡೆ ತಲೆ ಹಾಕಲಿಲ್ಲ, ತೂಕ ತನ್ನ ಪಾಡಿಗೆ ಇಳಿಯುತ್ತಾ ಬಂತು. 70ಕ್ಕೆ ಬಂದದ್ದೇ ಜಪ್ಪಯ್ಯ ಅಂದರೂ ಕದಲಲಿಲ್ಲ. ಅದೇ ಊಟ, ಅದೇ ವಾಕಿಂಗ್, ಎರಡು ತಿಂಗಳು ಕಳೆದರೂ ಅದೇ ಅಂಕಿ. ಆಮೇಲೆ ಯಾರ್ಯಾರು ಏನೇನು ಹೇಳಿದರೋ ಅದನ್ನೆಲ್ಲ ಮಾಡಿ ನೋಡಿದೆ. ಆದರೆ ಒಂದು ಪಟ್ಟು ಹಿಡಿದಿದ್ದೆ: ಒಂದು ಉಪಾಯ ನಡೆಯುವಾಗ ಇನ್ನೊಂದನ್ನು ಬೆರೆಸುವ ಹಾಗಿಲ್ಲ, ಪ್ರತಿಯೊಂದಕ್ಕೂ ತಿಂಗಳ ಮೇಲೆ ಸಮಯ ಕೊಡಬೇಕು. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯ್ತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಹೋಲಿಕೆಗೆ ಇಳಿಯುವ ಮುಂಚೆ, ತೂಕ ನಿಲ್ಲುವುದೇಕೆ ಅಂತ ಸ್ವಲ್ಪ ನೋಡಿಬಿಡೋಣ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ ಅರ್ಧ ಕೆಜಿ ಇಳಿಯುತ್ತದೆ ಅನ್ನುವ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಇದರ ಮೂಲ 1958ರಲ್ಲಿ ಮ್ಯಾಕ್ಸ್ ವಿಶ್ನಾಫ್‌ಸ್ಕಿ ಅನ್ನುವ ಅಮೆರಿಕದ ವೈದ್ಯರು ಹಾಕಿದ ಗಣಿತ. ಇದರ ತೊಂದರೆ ಏನೆಂದರೆ, ಮೈ ಇಳಿದ ಮೇಲೂ ಅದರ ಖರ್ಚು ಮೊದಲಿನಷ್ಟೇ ಇರುತ್ತದೆ ಅಂತ ಅಂದುಕೊಂಡು ಹಾಕಿದ ಲೆಕ್ಕ ಅದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸಂಶೋಧಕರಾಗಿದ್ದ ಕೆವಿನ್ ಹಾಲ್ ಮತ್ತವರ ಜೊತೆಗಾರರ ಅಂದಾಜಿನಂತೆ, ಇಳಿದ ಪ್ರತಿ ಕೆಜಿಗೆ ದೇಹ ದಿನಕ್ಕೆ 20–30 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತದೆ. ಹಸಿವು ಮಾತ್ರ ಕೆಜಿಗೆ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚುತ್ತದೆ. ನಾನು 8 ಕೆಜಿ ಇಳಿದಿದ್ದೆ, ಅಂದರೆ 200 ಕ್ಯಾಲೊರಿ ಖರ್ಚು ತಾನಾಗಿ ಕಮ್ಮಿ. ಶುರುವಿನಲ್ಲಿ ನಾನು ಉಳಿಸುತ್ತಿದ್ದದ್ದೇ ಹೆಚ್ಚೆಂದರೆ 400. ಅರ್ಧ ಉಳಿತಾಯ ಹೀಗೆ ಹೋಯಿತು, ಉಳಿದರ್ಧ ಎಲ್ಲಿ ಹೋಯಿತು?

ನಿಂತಿರುವುದು ನಿಜವಾ ಅಂತಲೂ ನೋಡಿಕೊಳ್ಳಬೇಕು. ಮುಟ್ಟಿನ ಮುಂಚಿನ ದಿನಗಳಲ್ಲಿ, ಉಪ್ಪಿನಕಾಯಿ ಹಪ್ಪಳ ಹೆಚ್ಚು ತಿಂದ ಮಾರನೇ ದಿನ, ಹೊಸ ವ್ಯಾಯಾಮ ಶುರು ಮಾಡಿ ಮೈಕೈ ನೋವಿದ್ದಾಗ ದೇಹ ನೀರು ಹಿಡಿದಿಡುತ್ತದೆ, ಒಂದೂವರೆ ಕೆಜಿ ಆರಾಮಾಗಿ ಹೆಚ್ಚು ತೋರಿಸುತ್ತದೆ. ಬೆಳಗ್ಗೆ ಎದ್ದ ತಕ್ಷಣ ನೋಡಿ ಬರೆದುಕೊಂಡು ವಾರದ ಸರಾಸರಿ ತೆಗೆಯಿರಿ. ನಾಲ್ಕು ವಾರ ಸರಾಸರಿ ಅಲ್ಲೇ ಇದ್ದರೆ ನಿಂತಿದೆ ಅಂತ ಅರ್ಥ.

ಇನ್ನೂ ಕಡಿಮೆ ತಿನ್ನೋದು, ತಿನ್ನೋದನ್ನ ಅಳೆಯೋದು

ಎಲ್ಲರಿಗೂ ಮೊದಲು ಹೊಳೆಯುವುದು ಇನ್ನಷ್ಟು ಕತ್ತರಿಸೋದು. ಬೆಳಗ್ಗೆ ಒಂದೇ ಇಡ್ಲಿ, ಮಧ್ಯಾಹ್ನ ಒಂದು ಚಪಾತಿ, ರಾತ್ರಿ ಮಜ್ಜಿಗೆ. ಮೊದಲ ವಾರ ಒಂದು ಕೆಜಿಗಿಂತ ಹೆಚ್ಚು ಇಳಿದು ಖುಷಿಯಾಯಿತು. ಅದು ಕೊಬ್ಬಲ್ಲ. ಹಿಟ್ಟಿನ ಆಹಾರ ಕಮ್ಮಿಯಾದಾಗ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಕರಗುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಹೋಗುತ್ತದೆ. ಎರಡನೇ ವಾರ ಮತ್ತೆ ಸ್ಥಗಿತ. ಕೈಕಾಲು ತಣ್ಣಗೆ, ಆಫೀಸಿನಲ್ಲಿ ಸಣ್ಣ ಮಾತಿಗೂ ಸಿಡುಕು, ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಬಿರಿಯಾನಿ ವೀಡಿಯೊ ನೋಡುತ್ತಾ ಕೂರುವುದು. ಇದು ನನ್ನೊಬ್ಬಳ ಹಣೆಬರಹವಲ್ಲ ಅಂತ ಆಮೇಲೆ ಗೊತ್ತಾಯಿತು. 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ಪರೀಕ್ಷೆ ಮಾಡಿದ್ದರು. ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಸುಮಾರು 1,600 ಕ್ಯಾಲೊರಿ, ನನ್ನ ಆ ತಿಂಗಳ ಊಟಕ್ಕಿಂತ ಎಷ್ಟೋ ಹೆಚ್ಚು. ಅಡುಗೆ ಪುಸ್ತಕ ಓದುವುದು, ಹಗಲೂ ರಾತ್ರಿ ಊಟದ ಧ್ಯಾನ, ಚಳಿ, ಬೇಸರ ಎಲ್ಲ ಅವರಿಗೂ ಇತ್ತು. ನನ್ನದು ಒಂದು ಬೀಗರೂಟದಲ್ಲಿ ಕೊನೆಗೊಂಡಿತು. ಎಷ್ಟು ಹೋಳಿಗೆ ತಿಂದೆ ಅಂತ ಬರೆಯುವುದಿಲ್ಲ.

ಅದಕ್ಕೆ ಪೂರಾ ತದ್ವಿರುದ್ಧದ ದಾರಿ, ಊಟ ಕಮ್ಮಿ ಮಾಡದೆ ಬರೀ ಅಳೆಯುವುದು. ಅಡುಗೆಮನೆಗೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ತಂದೆ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಾಣಲೆಯನ್ನು ಅದರ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ದಿನಾ ಒಗ್ಗರಣೆಗೆ ಹಾಕುವ ಹಾಗೆಯೇ ಮಿಳ್ಳೆಯಿಂದ ಎಣ್ಣೆ ಬಗ್ಗಿಸಿದೆ. ಬೀನ್ಸ್ ಪಲ್ಯಕ್ಕೆ 40 ಗ್ರಾಂ ದಾಟಿತ್ತು. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ; ಬೀನ್ಸಿಗಿಂತ ಎಣ್ಣೆಯ ಕ್ಯಾಲೊರಿಯೇ ಜಾಸ್ತಿ. ಆಮೇಲೆ ತಲೆಗೆ ಬಂದ ಲೆಕ್ಕ ಇನ್ನೂ ಸರಳ: ನಮ್ಮ ಮನೆಯಲ್ಲಿ ನಾಲ್ಕು ಜನ, 5 ಲೀಟರ್ ಕ್ಯಾನು ತಿಂಗಳಿಗೆ ಖಾಲಿ. ತಲೆಗೆ ದಿನಕ್ಕೆ 38 ಗ್ರಾಂ, ಅಂದರೆ 340 ಕ್ಯಾಲೊರಿ. ಇದರಲ್ಲಿ ತುಪ್ಪ ಇಲ್ಲ, ಪಲ್ಯದ ಮೇಲಿನ ಕಾಯಿತುರಿ ಇಲ್ಲ, ಆಫೀಸಿನ ಸಂಜೆ ಬೋಂಡ ಇಲ್ಲ. ನಿಮ್ಮ ಮನೆಯ ಕ್ಯಾನು ಎಷ್ಟು ದಿನ ಬರುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ, ಯಾವ ಆ್ಯಪೂ ಬೇಡ.

ಅನ್ನದ್ದೂ ಅದೇ ಕಥೆ. "ಒಂದು ಬಟ್ಟಲು" ಅಂತ ಶುರುವಾದದ್ದು ಕಾಲಕ್ರಮೇಣ ಗೋಪುರ ಕಟ್ಟಿಕೊಂಡಿತ್ತು. ಸಮ ಮಾಡಿದ ಬಟ್ಟಲು 150 ಗ್ರಾಂ, ನಾನು ಬಡಿಸಿಕೊಳ್ಳುತ್ತಿದ್ದದ್ದು 230. ಒಂದು ಹೊತ್ತಿಗೆ 100 ಕ್ಯಾಲೊರಿ ಹೆಚ್ಚು. ಕಳೆದುಹೋದ ಉಳಿದರ್ಧ ಉಳಿತಾಯ ಇಲ್ಲೇ ಕೂತಿತ್ತು.

1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಎಷ್ಟು ಕಡಿಮೆ ತಿಂದರೂ ಇಳಿಯುವುದಿಲ್ಲ ಅನ್ನುತ್ತಿದ್ದವರನ್ನು ಪರೀಕ್ಷಿಸಿದ್ದರು. ಅವರು ಬರೆದುಕೊಟ್ಟದ್ದು ದಿನಕ್ಕೆ ಸುಮಾರು 1,000 ಕ್ಯಾಲೊರಿ, ನಿಜಕ್ಕೂ ತಿನ್ನುತ್ತಿದ್ದದ್ದು ಅದರ ಎರಡರಷ್ಟು. ಅವರ ಚಯಾಪಚಯದಲ್ಲಿ ದೋಷವೇನೂ ಇರಲಿಲ್ಲ. ಸುಳ್ಳು ಹೇಳಿದರು ಅಂತಲ್ಲ, ಕೈ ಅಂದಾಜು ಅನ್ನುವುದು ಹಾಗೆಯೇ.

ವಾರಕ್ಕೆ ಮುಕ್ಕಾಲು ಲೀಟರ್ ಎಣ್ಣೆಯನ್ನು ಬೇರೆ ಬಾಟಲಿಗೆ ಹಾಕಿಟ್ಟು ಅದರಲ್ಲೇ ಮುಗಿಸುವುದು ಅಂತ ಮಾಡಿದೆ. "ಒಗ್ಗರಣೆಗೂ ತೂಕ ಹಾಕೋ ಕಾಲ ಬಂತಲ್ಲಮ್ಮ," ಅಂದರು ಅತ್ತೆ. ಪಲ್ಯದ ರುಚಿಯಲ್ಲಿ ವ್ಯತ್ಯಾಸ ಇದೆ ಅಂತ ಅವರೂ ಹೇಳಲಿಲ್ಲ. ಸಾರು, ಬಸ್ಸಾರು, ಉಪ್ಸಾರು, ಕೋಸಂಬರಿಗೆ ಎಣ್ಣೆ ಬೇಕಾಗುವುದೇ ಕಮ್ಮಿ. ವ್ಯತ್ಯಾಸ ಗೊತ್ತಾಗುವುದು ಚಿತ್ರಾನ್ನ, ಉಪ್ಪಿಟ್ಟು, ದೋಸೆಗಳಲ್ಲಿ. ಒಂದೂವರೆ ತಿಂಗಳಿಗೆ 70 ಹೋಗಿ 68 ಆಯಿತು, ಹಸಿವಿನ ಗೋಳಿಲ್ಲದೆ.

ಕೊರತೆಯೂ ಇದೆ. ವಿಪರೀತ ಬೋರು. ಮದುವೆ ಮನೆಯಲ್ಲಿ, ಹೋಟೆಲಿನಲ್ಲಿ ನಡೆಯುವುದಿಲ್ಲ. ಊಟದ ಬಗ್ಗೆ ಮೊದಲೇ ಆತಂಕ ಇರುವವರು ಅಂಕಿಗಳ ಹಿಂದೆ ಬಿದ್ದು ನೆಮ್ಮದಿ ಕಳೆದುಕೊಳ್ಳುವ ಅಪಾಯವಿದೆ, ಅಂಥವರು ಬಾಟಲಿ ಬೇರೆ ಇಡುವುದಷ್ಟನ್ನೇ ಮಾಡಿದರೆ ಸಾಕು.

16 ಗಂಟೆ ಉಪವಾಸ: ಗಂಡನಿಗೆ ಸರಿ, ನನಗೆ ಅಲ್ಲ

ಇದನ್ನು ಗಂಡನೂ ನಾನೂ ಒಟ್ಟಿಗೆ ಮಾಡಿದ್ದು ಒಳ್ಳೆಯದಾಯಿತು, ಹೋಲಿಸಲು ಸುಲಭ. ಬೆಳಗ್ಗೆ 11ರಿಂದ ಸಂಜೆ 7ರೊಳಗೆ ಊಟ, ಆಚೆ ಈಚೆ ನೀರು, ಕಪ್ಪು ಕಾಫಿ. ಅವರದು ರಾತ್ರಿ ಒಂಬತ್ತೂವರೆಗೆ ಊಟ, ಆಮೇಲೆ ಟಿವಿ ಮುಂದೆ ಖಾರಸೇವೆ, ಚಕ್ಕುಲಿ, ಕಡಲೆಕಾಯಿ. ಬಾಗಿಲು ಏಳಕ್ಕೇ ಮುಚ್ಚಿದ್ದರಿಂದ ಆ ಕುರುಕಲೆಲ್ಲ ನಿಂತು 3 ಕೆಜಿ ಇಳಿದರು. ನನಗೆ ರಾತ್ರಿ ತಿನ್ನುವ ಚಟವೇ ಇರಲಿಲ್ಲ. ನನ್ನದು ತಪ್ಪಿದ್ದು ಬೆಳಗಿನ ತಿಂಡಿ, ಅದರ ಸಾಲವನ್ನು ಮಧ್ಯಾಹ್ನದ ಊಟ ಬಡ್ಡಿ ಸಮೇತ ವಸೂಲು ಮಾಡಿತು. ತೂಕ ಅಲ್ಲೇ. ಬೆಳಗ್ಗೆ ಆರಕ್ಕೆ ಹಾಲು ಹಾಕಿದ ಫಿಲ್ಟರ್ ಕಾಫಿ ಇಲ್ಲದ ಬದುಕು ಬೇರೆ.

2022ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದ ಅಧ್ಯಯನದ ಫಲ ಪ್ರಕಟವಾಯಿತು. ಎರಡೂ ಗುಂಪಿಗೆ ಒಂದೇ ಮಿತಿಯ ಕ್ಯಾಲೊರಿ, ಒಂದು ಗುಂಪು ಬೆಳಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿನ್ನಬೇಕು. ಕೊನೆಗೆ ಇಳಿದ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗಡಿಯಾರಕ್ಕೆ ಬೇರೆ ಮಹಿಮೆ ಇಲ್ಲ. ಅದು ನಿಮ್ಮ ಯಾವ ತಿನಿಸನ್ನು ತಪ್ಪಿಸುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಈ ಕಡೆ ಹೋಗಬೇಡಿ, ಸಕ್ಕರೆ ಪ್ರಮಾಣ ದಿಢೀರನೆ ಇಳಿಯಬಹುದು.

ಹೆಚ್ಚು ನಡೆಯೋದು, ಭಾರ ಎತ್ತೋದು

ಕುಕ್ಕರಹಳ್ಳಿ ಕೆರೆಯ ಸುತ್ತು ನನಗೆ ಹಳೇ ಅಭ್ಯಾಸ. ಅದನ್ನೇ ಹೆಚ್ಚಿಸಿ ದಿನಕ್ಕೆ 10,000 ಹೆಜ್ಜೆ ಮಾಡಿದೆ. (ಈ 10,000 ವೈದ್ಯರು ಬರೆದುಕೊಟ್ಟ ಸಂಖ್ಯೆಯಲ್ಲ, 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಲು ಇಟ್ಟ ಹೆಸರಿನಿಂದ ಬಂದದ್ದು.) 70 ಕೆಜಿಯವರು 4 ಕಿಮೀ ನಡೆದರೆ ಖರ್ಚಾಗುವುದು ಸುಮಾರು 200 ಕ್ಯಾಲೊರಿ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದವರ ಗುಂಪು ಸೀದಾ ಎಲ್ಲಿಗೆ ಹೋಗುತ್ತದೆ ಅಂತ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಬೆಣ್ಣೆ ಹಾಕಿದ ಒಂದು ಮಸಾಲೆ ದೋಸೆ ಅಷ್ಟೂ ಮೆಟ್ಟಿಲನ್ನು ನುಂಗಿಹಾಕುತ್ತದೆ. ನನಗೆ ನಡಿಗೆಯಿಂದ ಒಳ್ಳೆ ನಿದ್ದೆ ಬಂತು, ಊಟದ ನಂತರದ ಸಕ್ಕರೆ ಪ್ರಮಾಣ ಸುಧಾರಿಸಿತು, ತೂಕ ಅರ್ಧ ಕೆಜಿ ಮಾತ್ರ ಇಳಿಯಿತು. ಇಳಿದದ್ದನ್ನು ಉಳಿಸಿಕೊಳ್ಳಲು ನಡಿಗೆ ಚೆನ್ನ, ನಿಂತದ್ದನ್ನು ಕದಲಿಸಲು ಸಾಲದು.

ಡಂಬೆಲ್ ಅಂದರೆ ಗಂಡಸರ ಜಿಮ್ಮಿನ ಸಾಮಾನು ಅನ್ನುವ ಸಂಕೋಚ ನನಗೂ ಇತ್ತು. ಮನೆಯಲ್ಲೇ 5 ಕೆಜಿಯ ಜೋಡಿ, ಕುರ್ಚಿ ಹಿಡಿದು ಬೈಠಕ್, ಗೋಡೆಗೆ ಕೈಕೊಟ್ಟು ದಂಡ, ವಾರಕ್ಕೆ ಮೂರು ಸಲ. ಇದರ ಜೊತೆಗೆ ಪ್ರೋಟೀನ್ ಹೆಚ್ಚಿಸಲೇಬೇಕು, ಹಾಗಾಗಿ ಎರಡನ್ನೂ ಒಂದೇ ಪ್ರಯೋಗ ಅಂತ ಎಣಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಶಿಫಾರಸು ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ, ತೂಕ ಇಳಿಸುತ್ತಾ ವ್ಯಾಯಾಮ ಮಾಡುವವರಿಗೆ 1.2 ಗ್ರಾಂ ಆಸುಪಾಸು ಸಲಹೆ ಮಾಡುತ್ತಾರೆ. ನನಗೆ 80 ಗ್ರಾಂ ಬೇಕು, ಸಿಗುತ್ತಿದ್ದದ್ದು ಅದರ ಅರ್ಧ. "ದಿನಾ ಬೇಳೆ ಸಾರು ತಿಂತೀವಲ್ಲ" ಅನ್ನುವ ಧೈರ್ಯ ನಮ್ಮೆಲ್ಲರದು, ಆದರೆ ತಿಳಿ ಸಾರಿನ ಒಂದು ಸೌಟಿನಲ್ಲಿ ಇರುವುದು ಒಂದೆರಡು ಗ್ರಾಂ. ಹುರುಳಿಕಾಳು, ಹೆಸರುಕಾಳು 100 ಗ್ರಾಮಿಗೆ 22–24 ಗ್ರಾಂ, ಸೋಯಾ ಚಂಕ್ಸ್ 50ರ ಮೇಲೆ, ಒಂದು ಮೊಟ್ಟೆಯಲ್ಲಿ 6. ತಟ್ಟೆಯ ಲೆಕ್ಕ ತಿರುಗಿಸಿದೆ: ಅನ್ನ ನೆಂಚಿಕೊಳ್ಳುವಷ್ಟು, ಕಾಳು ಹೊಟ್ಟೆ ತುಂಬುವಷ್ಟು. ಮೊದಲ ಹತ್ತು ದಿನ ಹೊಟ್ಟೆಯಲ್ಲಿ ಗಾಳಿಯ ಗಲಾಟೆ. ಮೊಳಕೆ ಬರಿಸಿ ಬೇಯಿಸಿದರೆ, ಇಂಗು ಹಾಕಿದರೆ ಅಷ್ಟಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮುಂಚೆ ವೈದ್ಯರನ್ನು ಕಾಣಬೇಕು.

ತೂಕದ ಯಂತ್ರದ ಮೇಲೆ ಇದಕ್ಕೆ ಸಿಕ್ಕ ಅಂಕ ಕಮ್ಮಿ, ಎರಡು ತಿಂಗಳಿಗೆ ಒಂದು ಕೆಜಿ. ಟೇಪು ಬೇರೆಯೇ ಹೇಳಿತು: ಸೊಂಟ 94 ಸೆಂಮೀ ಇದ್ದದ್ದು 90 ಆಯಿತು, ಹಳೇ ರವಿಕೆಗಳ ಹೊಲಿಗೆ ಬಿಚ್ಚಿಸಿದ್ದನ್ನು ಮತ್ತೆ ಹಾಕಿಸಿದೆ. ನಮ್ಮ ದೇಶದ ಹೆಂಗಸರಿಗೆ ವೈದ್ಯರು ಇಟ್ಟಿರುವ ಮಿತಿ 80 ಸೆಂಮೀ, ಗಂಡಸರಿಗೆ 90. ಬರೀ ತೂಕ ನೋಡುವವರು ಈ ದಾರಿಯನ್ನು ಅರ್ಧಕ್ಕೇ ಕೈಬಿಡುತ್ತಾರೆ.

ಡಯಟ್‌ಗೆ ರಜೆ

ಇದರ ಮೇಲೆ ನನಗೆ ನಂಬಿಕೆಯೇ ಇರಲಿಲ್ಲ. 2017ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಮೆಟಡೋರ್ ಅಧ್ಯಯನದಲ್ಲಿ, ಎರಡು ವಾರ ಡಯಟ್, ಎರಡು ವಾರ ತೂಕ ಏರದಷ್ಟು ಊಟ ಅಂತ ಸರದಿಯಲ್ಲಿ ಮಾಡಿದ ಸ್ಥೂಲಕಾಯದ ಗಂಡಸರು ಬಿಡದೆ ಡಯಟ್ ಮಾಡಿದವರಿಗಿಂತ ಹೆಚ್ಚು ಇಳಿದಿದ್ದರು. ಆಮೇಲೆ ವ್ಯಾಯಾಮ ಮಾಡುವವರ ಮೇಲೆ ನಡೆದ ಪರೀಕ್ಷೆಯಲ್ಲಿ ಅಂಥ ಲಾಭ ಕಾಣಲಿಲ್ಲ. ನಾನು ದಸರಾ ಹಿಂದೆ ಮುಂದೆ ಇದನ್ನು ಇಟ್ಟುಕೊಂಡೆ, ಹೇಗೂ ಮನೆ ತುಂಬ ನೆಂಟರು, ಬೊಂಬೆ ನೋಡಲು ಬಂದವರಿಗೆ ಕೊಡುವ ಚರುಪಿನಲ್ಲಿ ನಮ್ಮದೂ ಒಂದು ಪಾಲು. ಮನಸ್ಸಿಗೆ ಬಂದಷ್ಟಲ್ಲ, 200–300 ಕ್ಯಾಲೊರಿ ಮಾತ್ರ ಹೆಚ್ಚು. ಒಂದು ಕೆಜಿ ಏರಿತು, ಹಬ್ಬ ಮುಗಿದ ಹತ್ತು ದಿನದಲ್ಲಿ ಇಳಿಯಿತು. ಕೊಬ್ಬಿನ ಲೆಕ್ಕದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ವಾಪಸ್ ಡಯಟ್‌ಗೆ ಬಂದಾಗ ಹಿಂದಿನ ಸಿಡುಕು ಇರಲಿಲ್ಲ. ಹಸಿದಿರೋದು ಮತ್ತು ರಜೆ ಎರಡರಲ್ಲಿ ಒಂದನ್ನು ಆರಿಸು ಅಂದರೆ ಕಣ್ಣು ಮುಚ್ಚಿ ರಜೆಯನ್ನೇ ಆರಿಸುತ್ತೇನೆ.

ಕೇಳಿದವರಿಗೆ ನಾನು ಹೇಳುವ ಕ್ರಮ: ಮೊದಲು ಎಣ್ಣೆ ಮತ್ತು ಅನ್ನದ ಅಳತೆ. ಅಳತೆ ಸರಿಯಿದ್ದೂ ನಿಂತಿದ್ದರೆ ಕಾಳು ಮತ್ತು ಡಂಬೆಲ್. ರಾತ್ರಿ ಕುರುಕಲಿನವರು ಮಾತ್ರ ಉಪವಾಸ. ಆರು ತಿಂಗಳಿಂದ ಬಿಡದೆ ಡಯಟ್ ಮಾಡಿ ಬಸವಳಿದವರು ಎಲ್ಲಕ್ಕಿಂತ ಮುಂಚೆ ರಜೆ ತೆಗೆದುಕೊಳ್ಳಿ. ಕೊಬ್ಬು ಕರಗಿಸುವ ಚಹಾ, ಊಟದ ಬದಲಿನ ಪುಡಿ ಇವುಗಳನ್ನು ಈ ಹೋಲಿಕೆಗೆ ಸೇರಿಸಿಲ್ಲ, ದುಡ್ಡು ಹಾಕುವ ಮನಸ್ಸಾಗಲಿಲ್ಲ. ವಿಪರೀತ ಸುಸ್ತು, ಕೂದಲು ಉದುರುವುದು, ಮುಟ್ಟು ಏರುಪೇರು ಜೊತೆಗಿದ್ದರೆ ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಮಾಡಿಸಿದ ಮೇಲೆ ಮಿಕ್ಕದ್ದು.

ಈಗ 66ರಲ್ಲಿ ಮತ್ತೆ ನಿಂತಿದ್ದೇನೆ. ಶ್ರಾವಣ ಬಂತು, ವರಮಹಾಲಕ್ಷ್ಮಿ, ಗೌರಿ ಗಣೇಶ ಒಂದರ ಹಿಂದೆ ಒಂದು. ಅವು ಮುಗಿಯುವವರೆಗೆ ಇಳಿಸುವ ಯೋಚನೆ ಇಲ್ಲ, ಎಣ್ಣೆ ಬಾಟಲಿ ಮತ್ತು ಡಂಬೆಲ್ ಎರಡೇ ಮುಂದುವರಿಕೆ. ಗಣೇಶನ ಕಡುಬು ಹಬೆಯಲ್ಲಿ ಬೇಯಲಿ, ಕರಿಯುವುದು ಬೇಡ ಅಂತ ಅತ್ತೆಯ ಹತ್ತಿರ ಮಾತುಕತೆ ನಡೆಯುತ್ತಿದೆ.