ಸಹಸ್ರಲಿಂಗದ ಒಂದೇ ವೀಡಿಯೋ, ಮೂರು ಥರ ತ್ರೀಡಿ

ಶಿರಸಿ ಹತ್ತಿರ ಶಾಲ್ಮಲಾ ನದಿಯಲ್ಲಿ ನೀರು ಇಳಿದ ಮೇಲೆ ಸಹಸ್ರಲಿಂಗಕ್ಕೆ ಹೋಗಿ, ಒಂದು ಲಿಂಗ ಮತ್ತೆ ಅದರ ಎದುರಿನ ಪುಟ್ಟ ಬಸವಣ್ಣ ಇರೋ ಬಂಡೆನ ಸುತ್ತಿ ಫೋನಲ್ಲಿ 90 ಸೆಕೆಂಡ್ ವೀಡಿಯೋ ತೆಗೆದೆ, ಅದ್ರಿಂದ ತ್ರೀಡಿ ಮಾಡೆಲ್ ಮಾಡೋ ಮೂರು ದಾರಿ ಹೋಲಿಸಿ ನೋಡೋಣ ಅಂತ. ನಾನು ಬಂಡೆನ ಎಡಕ್ಕೆ ಇಟ್ಕೊಂಡು ಸುತ್ತುತಾ ಇದ್ದೆ, ಅಲ್ಲಿದ್ದ ಅಜ್ಜ ಒಬ್ರು "ತಮಾ, ಅಪ್ರದಕ್ಷಿಣೆ ಹಾಕಡ" ಅಂದ್ರು, ಸರಿ ಅಂತ ತಿರುಗಿ ಇನ್ನೊಂದು ಸುತ್ತು ಹಾಕಿದ್ದೇ ಚೆನ್ನಾಗಿ ಬಂತು.

ಸೆಕೆಂಡಿಗೆ 30 ಫ್ರೇಮ್ (ಚಿತ್ರ) ಅಂದ್ರೆ ಒಟ್ಟು 2,700. ಅಷ್ಟೆಲ್ಲ ಬೇಡ. ಎಫ್ಎಫ್‌ಎಂಪೆಗ್ ಅನ್ನೋ ವೀಡಿಯೋ ತಂತ್ರಾಂಶದಲ್ಲಿ ಸೆಕೆಂಡಿಗೆ ಎರಡರಂತೆ 180 ತೆಗೆದು, ಕೈ ಅಲುಗಿ ಮಸುಕಾಗಿದ್ದ 20 ಬಿಸಾಕಿದೆ.

ಮೊದಲು ಕೋಲ್‌ಮ್ಯಾಪ್, ಫೋಟೋಗಳನ್ನ ಒಂದಕ್ಕೊಂದು ಹೋಲಿಸಿ ತ್ರೀಡಿ ಮಾಡೋ ತಂತ್ರಾಂಶ. ಎಲ್ಲಾ ಫೋಟೋನ ಎಲ್ಲಾದರ ಜೊತೆ ಹೋಲಿಸು ಅಂದ್ರೆ 160ಕ್ಕೆ 12,720 ಜೋಡಿ ಆಗತ್ತೆ, ವೀಡಿಯೋ ಫ್ರೇಮ್ ಹೇಗೂ ಸಾಲಾಗೇ ಇರತ್ತಲ್ಲ, ಸೀಕ್ವೆನ್ಷಿಯಲ್ ಮ್ಯಾಚಿಂಗ್ ಹಾಕಿದ್ರೆ ಅಕ್ಕಪಕ್ಕದ್ದು ಮಾತ್ರ ನೋಡತ್ತೆ, ಎಷ್ಟೋ ಬೇಗ ಮುಗೀತು. ಆದ್ರೆ ನನ್ನ ಲ್ಯಾಪ್‌ಟಾಪಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿಲ್ಲ, ಚುಕ್ಕಿ ಚುಕ್ಕಿ ಲಿಂಗ ಕಾಣೋ ತನಕ ಮಾತ್ರ ಬಂತು. ದಟ್ಟವಾದ ಮಾಡೆಲ್‌ಗೆ ಆ ಕಾರ್ಡಲ್ಲಿ ಮಾತ್ರ ಓಡೋ CUDA ಬೇಕು, ಹಾಗಾಗಿ ಹುಬ್ಳಿ ಭಾವನ ಗೇಮಿಂಗ್ ಪಿಸಿಗೆ ಶರಣು.

ಅಲ್ಲೇ ಎರಡನೇದು, ಮೆಶ್‌ರೂಮ್ ಅನ್ನೋ ತಂತ್ರಾಂಶ ಹಾಕಿದೆ. ಫೋಟೋ ಎಳೆದು ಬಿಟ್ಟು ಸ್ಟಾರ್ಟ್ ಒತ್ತಿ ಊಟಕ್ಕೆ ಹೋಗಬಹುದು, ಪರದೆಯಲ್ಲಿ ಕೆಲಸದ ಹಂತ ತೋರಿಸೋ ಡಬ್ಬಿಗಳು ಒಂದೊಂದಾಗಿ ಹಸಿರಾಗ್ತಾ ಹೋಗತ್ತೆ. ಬಸವಣ್ಣನ ಕೊರಳ ಸರ, ಪಾಣಿಪೀಠದ ಅಂಚು ಎಲ್ಲಾ ಬಂತು. ಪಕ್ಕದಲ್ಲಿ ಒಂದಡಿ ಸ್ಟೀಲ್ ಸ್ಕೇಲ್ ಇಟ್ಟಿದ್ದೆ, ಇಲ್ಲಾಂದ್ರೆ ಬರೀ ವೀಡಿಯೋದಿಂದ ನಿಜವಾದ ಅಳತೆ ಸಿಗಲ್ಲ. ಪೀಠದ ಅಗಲ ಟೇಪಲ್ಲಿ 22 ಇಂಚು, ಮಾಡೆಲಲ್ಲಿ 22.4. ನೀರು ಇದ್ದ ಕಡೆ ಮಾತ್ರ ಹುಳಿ ಬಂದ ದೋಸೆ ಹಿಟ್ಟಿನ ಥರ ಉಬ್ಬುಬ್ಬು. ಅದು ತಂತ್ರಾಂಶದ ತಪ್ಪಲ್ಲ ಮಾರಾಯ್ರೆ, ಹರಿಯೋ ನೀರಲ್ಲಿ ಒಂದು ಚುಕ್ಕಿ ಇನ್ನೊಂದು ಫ್ರೇಮಲ್ಲಿ ಅಲ್ಲೇ ಇರಬೇಕಲ್ಲ!

ಮೂರನೇದು ಗಾಸಿಯನ್ ಸ್ಪ್ಲಾಟಿಂಗ್, 2023ರಲ್ಲಿ ಬಂದಿದ್ದು. ಕ್ಯಾಮೆರಾ ಎಲ್ಲೆಲ್ಲಿತ್ತು ಅನ್ನೋದನ್ನ ಕೋಲ್‌ಮ್ಯಾಪ್‌ನಿಂದಲೇ ತಗೊಳ್ಳತ್ತೆ, ಹಾಗಾಗಿ ಪೂರ್ತಿ ಎದುರಾಳಿ ಅನ್ನೋಕಾಗಲ್ಲ. ಮೆಶ್ (ತ್ರಿಕೋನಗಳ ಬಲೆ) ಬದಲು ಲಕ್ಷಗಟ್ಟಲೆ ಮಸುಕು ಬಣ್ಣದ ಉಂಡೆ, ನೋಡೋ ಕೋನ ಬದಲಾದ್ರೆ ಬಣ್ಣನೂ ಬದಲಾಗತ್ತೆ. ಒದ್ದೆ ಕಲ್ಲಿನ ಹೊಳಪು ನಾವು ನೋಡೋ ಕೋನ ಬದಲಿಸಿದ ಹಾಗೆಲ್ಲ ಸರಿಯತ್ತೆ, ನಿಜಕ್ಕೂ ರೋಮಾಂಚನ. ಆದ್ರೆ ನಾನು ಮೇಲಿಂದ ತೆಗೆದೇ ಇರ್ಲಿಲ್ಲ, ಮೇಲಿಂದ ಬಗ್ಗಿ ನೋಡಿದ್ರೆ ಲಿಂಗಕ್ಕೆ ಮುಳ್ಳು ಎದ್ದಿದ್ವು. ತ್ರೀಡಿ ಪ್ರಿಂಟಿಗೂ ಸೀದಾ ಕೊಡೋಕಾಗಲ್ಲ.

ಮಿರ್ಜಾನ್ ಕೋಟೆ ಗೋಡೆ ಮೂರರಲ್ಲೂ ಆರಾಮಾಗಿ ಬಂತು, ಚಿರೆಕಲ್ಲಲ್ಲಿ ತೂತು, ಕಲೆ ಎಲ್ಲಾ ಇರತ್ತಲ್ಲ. ನಮ್ಮನೆ ಸುಣ್ಣ ಬಳಿದ ತುಳಸಿಕಟ್ಟೆ ಮೂರರಲ್ಲೂ ಹಾಳು, ಬೋಳು ಬಿಳಿಯಲ್ಲಿ ಹಿಡಿಯೋಕೆ ಏನೂ ಸಿಗಲ್ಲ.

ನಾನಂತೂ ಮೆಶ್‌ರೂಮಲ್ಲೇ ಇರ್ತೀನಿ, ಅಳತೆ ಬೇಕು ನಂಗೆ. ಆಯಿಗೆ ಸ್ಪ್ಲಾಟ್ ತೋರಿಸಿದ್ರೆ ಐದು ನಿಮಿಷ ಫೋನ್ ತಿರುಗಿಸಿ ತಿರುಗಿಸಿ ನೋಡಿ "ನೀರು ಹರೀತಾ ಇಲ್ಯಲ" ಅಂದ್ಲು.